ಸಾಬಮ್ಮನ ಹೆಪ್ಪು, ಗುಣವತಿಯ ಮೊಸರು

ಇಲ್ಲ ಸಾಹೇಬರೇ, ನನ್ನ ಮೊಮ್ಮಗಳ ವಿಷಯದಲ್ಲಿ ನಾನು ಒಂದು ಚಿಟಿಕೆ ಉಪ್ಪನ್ನೂ ಹೆಚ್ಚಿಗೆ ಹಾಕಿಲ್ಲ. ಅಂಡ ಬೇರೊಬ್ಬಳದು, ಒಂಬತ್ತು ತಿಂಗಳು ಹೊತ್ತು ಹೆತ್ತವಳು ನಮ್ಮ ಸೊಸೆ ಗುಣವತಿ. ಎರಡೂ ನಿಜ. 'ಬೂದೆಪ್ಪ ಮುದುಕ ಮತ್ತೆ ಶುರು ಮಾಡಿದ' ಎಂದು ನೀವು ಹುಬ್ಬು ಹಾರಿಸುತ್ತೀರಿ, ಗೊತ್ತು. ರಾಯಚೂರಿನ ಬಿಸಿಲಿಗೆ ನಮ್ಮೂರ ಕೋಳಿಗಳು ಬೇಯಿಸಿದ ಮೊಟ್ಟೆಯನ್ನೇ ಇಡುತ್ತವೆ ಎಂದು ನಾನು ಹೇಳಿದ್ದುಂಟು. ಅದನ್ನು ನಂಬಬೇಡಿ. ಇದನ್ನು ನಂಬಿ. ಹೇಳಲು ಗುಣವತಿಯ ಅಪ್ಪಣೆಯೂ ಇದೆ.

ಗುಣವತಿ ಯಾರೆಂದು ಈ ತೆಲುಗು ಸೀಮೆಯ ಲಿಂಗಂಪಲ್ಲಿ ಸ್ಟೇಷನ್ನಿನ ಹಿಂದೆ ಯಾರನ್ನು ಕೇಳಿದರೂ ಹೇಳುತ್ತಾರೆ. ಜೋಳದ ರೊಟ್ಟಿಯ ಖಾನಾವಳಿ ಅವಳದು. ಗಚ್ಚಿಬೌಲಿಯಲ್ಲಿ ಕೆಲಸ ಮಾಡುವ ನಮ್ಮ ಕಡೆಯ ಹುಡುಗ ಹುಡುಗಿಯರು ಅವಳ ಊಟ ಹುಡುಕಿಕೊಂಡು ಬರುತ್ತಾರೆ. ರೊಟ್ಟಿಗಿಂತ ಅವಳ ಮೊಸರಿನ ಹೆಸರು ದೊಡ್ಡದು. ಎಷ್ಟು ಗಟ್ಟಿ ಎಂದರೆ, ಒಮ್ಮೆ ನಾನು ಅದಕ್ಕೆ ಮೊಳೆ ಹೊಡೆದು ಕ್ಯಾಲೆಂಡರ್ ತೂಗುಹಾಕಿದ್ದೆ. ಸರಿ, ಇದನ್ನೂ ನಂಬಬೇಡಿ.

ನನ್ನ ಮಗ ದಿನೇಶ ನಾಚಾರಂನಲ್ಲಿ ಲೇತ್ ಮಷಿನ್ ನಡೆಸುತ್ತಾನೆ. ದಿನಕ್ಕೆ ನಾಲ್ಕು ಮಾತು ಆಡಿದರೆ ಅದೇ ಹಬ್ಬ. ಮದುವೆಯಾಗಿ ಎಷ್ಟೋ ವರ್ಷವಾದರೂ ಮಕ್ಕಳಾಗಲಿಲ್ಲ. ಆಸ್ಪತ್ರೆಯಲ್ಲಿ ಗುಣವತಿಯದೇ ಅಂಡ ತೆಗೆದು ಪ್ರಯತ್ನ ಮಾಡಿದರು, ನಿಲ್ಲಲಿಲ್ಲ. ಮತ್ತೆ ಮಾಡಿದರು, ನಿಲ್ಲಲಿಲ್ಲ. ಕೊನೆಗೆ ಡಾಕ್ಟರಮ್ಮ ಕೂರಿಸಿಕೊಂಡು ಹೇಳಿದರು: "ಅಮ್ಮಾ, ನಿಮ್ಮ ಗರ್ಭಕೋಶ ಚೆನ್ನಾಗಿದೆ. ಅಂಡಗಳು ಮಾತ್ರ ವಯಸ್ಸಿಗೆ ಮೊದಲೇ ಮುಗಿಯುತ್ತಾ ಬಂದಿವೆ. ತಪ್ಪು ನಿಮ್ಮದಲ್ಲ. ದಾನಿಯ ಅಂಡವಾದರೆ ಆಸೆ ಹೆಚ್ಚು. ಖಾತ್ರಿ ಮಾತ್ರ ಕೊಡಲಾರೆ."

ಮನೆಗೆ ಬಂದ ಗುಣವತಿ ಹಿಟ್ಟಿನ ಡಬ್ಬಿಯ ಪಕ್ಕ ಕುಳಿತವಳು ಏಳಲೇ ಇಲ್ಲ.

"ನಮ್ಮವ್ವ ನಕ್ಕರ ಗಲ್ಲದಾಗ ಗುಳಿ ಬೀಳ್ತಿತ್ತು ಮಾವಾ. ನನಗೂ ಬೀಳತೈತಿ. ಅವ್ವ ಅಂತೂ ಹೋದಳು, ಇನ್ನ ಆ ಗುಳಿ ನನ್ನ ಕೂಡ ಮುಗದ ಹೋಗತೈತಿ. ಅದೂ ಹೋಗಲಿ. ನಾಳೆ ಕೂಸು ದೊಡ್ಡದಾಗಿ, ನೀ ನಮ್ಮವ್ವ ಅಲ್ಲ ಅಂತ ಅಂದ್ರ?"

ದಿನೇಶ ತನ್ನ ನಾಲ್ಕು ಮಾತನ್ನೂ ಒಟ್ಟಿಗೇ ಖರ್ಚು ಮಾಡಿದ: "ನಿನಗ ಬ್ಯಾಡ ಅನಿಸಿದ್ರ ಬ್ಯಾಡ. ನಾವಿಬ್ಬರ ಇರೂಣು."

ನಾನು ಸುಮ್ಮನಿರಬೇಕಿತ್ತು. ನನ್ನ ಕಥೆ ಹೇಳಿದೆ. ನನಗಿಂತ ಮೊದಲು ಹುಟ್ಟಿದ ಗಂಡುಮಕ್ಕಳು ಉಳಿಯಲಿಲ್ಲವೆಂದು, ನಾನು ಹುಟ್ಟಿದಾಗ ಯಮನ ಕಣ್ಣು ತಪ್ಪಿಸಲು ಬೂದಿಯಲ್ಲಿ ಹೊರಳಿಸಿ, ಮೊರದಲ್ಲಿಟ್ಟು ಪಕ್ಕದ ಮನೆಯವಳಿಗೆ ದಾಟಿಸಿ, ಒಂದು ಸೇರು ನುಚ್ಚು ಕೊಟ್ಟು ತಿರುಗಿ ಕೊಂಡುಕೊಂಡಿದ್ದರು. ಅದಕ್ಕೇ ಬೂದೆಪ್ಪ ಎಂಬ ಹೆಸರು.

"ನೋಡವಾ, ನಾನೂ ಖರೀದಿ ಮಾಲ. ನಮ್ಮವ್ವಗ ನಾ ಏನ್ ಕಡಿಮಿ ಆದ್ನಿ?" ಎಂದೆ.

ಗುಣವತಿ ಕಣ್ಣೊರೆಸಿಕೊಂಡು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ನುಚ್ಚು ಭಾಳ ತುಟ್ಟಿ ಆತ್ರಿ ಮಾವಾ," ಎಂದು ಎದ್ದುಹೋದಳು.

ಅನೇಕ ವಾರ ಆ ಮಾತು ಮನೆಯಲ್ಲಿ ಯಾರೂ ಎತ್ತಲಿಲ್ಲ. ಅಷ್ಟರಲ್ಲಿ ಒಂದು ದಿನ ಬೆಕ್ಕು ಮೊಸರಿನ ಪಾತ್ರೆ ಉರುಳಿಸಿತು. ಮರುದಿನಕ್ಕೆ ಹೆಪ್ಪು ಹಾಕಲು ಒಂದು ಚಮಚವೂ ಉಳಿಯಲಿಲ್ಲ. ಗುಣವತಿ ಪಕ್ಕದ ಮನೆಯ ಸಾಬಮ್ಮನಿಂದ ಒಂದು ಬಟ್ಟಲಲ್ಲಿ ಹೆಪ್ಪು ತಂದು ಹಾಲಿಗೆ ಹಾಕಿದಳು. ಸಾಬಮ್ಮನ ಮನೆಯ ಮೊಸರು ಹೇಗಿರುತ್ತದೆ ಗೊತ್ತೇ? ಅದರಲ್ಲಿ ಮೀನು ಸಾಕಬಹುದು, ಅಷ್ಟು ನೀರು.

ನಾಲ್ಕಾರು ದಿನ ಕಳೆದ ಮೇಲೆ ಸಾಬಮ್ಮ ಊಟಕ್ಕೆ ಬಂದಳು. ಮೊಸರು ಬಾಯಿಗಿಟ್ಟವಳೇ ಕೂಗಿದಳು: "ಅಯ್ ಗುಣವತಿ, ಇದೇನಬೇ ಬೆಣ್ಣಿ ಇದ್ದಂಗೈತಿ! ನನಗೂ ಒಂಚೂರು ಹೆಪ್ಪ ಕೊಡು."

"ಅದು ನಿಂದ ಹೆಪ್ಪ ಅಲ್ಲೇನ ಸಾಬಮ್ಮಕ್ಕಾ? ಬೆಕ್ಕು ಚೆಲ್ಲಿದ ದಿವಸ ನಿನ್ನ ಮನಿಂದ ತಂದಿದ್ದು."

"ನಂದ್ಯಾಕ ಆಗತೈತಿ? ಕೊಟ್ಟ ಮ್ಯಾಲ ನಿಂದ. ಹಾಲು ಕಾಸಿದಾಕಿ ನೀ, ಬೆಚ್ಚಗ ಮುಚ್ಚಿಟ್ಟಾಕಿ ನೀ. ನಾ ಕೊಟ್ಟಿದ್ದು ಒಂದು ಚಮಚ. ಮಾತ ಬಿಡು, ಮೊಸರ ಕೊಡು."

ಗುಣವತಿ ಸೌಟು ಹಿಡಿದು ನಿಂತೇ ಇದ್ದಳು. ಆಮೇಲೆ ನಗತೊಡಗಿದಳು. ಆ ಗುಳಿಗಳನ್ನು ನಾನು ಎಷ್ಟು ದಿನದ ಮೇಲೆ ನೋಡಿದೆನೋ! ಸಾಬಮ್ಮನಿಗೆ ತಾನು ಏನು ಹೇಳಿದೆ ಎಂಬುದು ಆವತ್ತು ಗೊತ್ತಾಗಲಿಲ್ಲ. ಬಟ್ಟಲು ತುಂಬಿಸಿಕೊಂಡು ಹೋದಳು. ಸಂಜೆ ದಿನೇಶ ಬಂದಾಗ ಗುಣವತಿ ಹೇಳಿದ್ದು ಇಷ್ಟೇ: "ಆಸ್ಪತ್ರಿಗೆ ಹೋಗೂಣ್ರಿ."

ಅಲ್ಲಿ ಔಷಧಿಗಿಂತ ಮೊದಲು ಮಾತು. ಅದಕ್ಕೆಂದೇ ಒಬ್ಬರು ಮೇಡಂ ಇದ್ದರು. ದಾನಿ ಯಾರೆಂದು ನಮಗೆ ಹೇಳುವುದಿಲ್ಲ, ನಾವು ಯಾರೆಂದು ಅವಳಿಗೂ ಹೇಳುವುದಿಲ್ಲ, ಕಾನೂನೇ ಹಾಗೆ. ಅವಳ ಆರೋಗ್ಯ, ರಕ್ತ ಎಲ್ಲ ಪರೀಕ್ಷೆ ಮಾಡಿರುತ್ತಾರೆ. ಬಣ್ಣ, ಎತ್ತರ, ರಕ್ತದ ಗುಂಪು ಆದಷ್ಟು ಹೊಂದಿಸುತ್ತಾರೆ. ಅವಳ ಅಂಡಕ್ಕೆ ದಿನೇಶನ ವೀರ್ಯ ಸೇರಿಸಿ ಹೊರಗೆ ಭ್ರೂಣ ಮಾಡಿ ಗುಣವತಿಯ ಗರ್ಭಕೋಶದಲ್ಲಿ ಬಿಡುತ್ತಾರೆ. ಹಡೆದವಳೇ ತಾಯಿ, ಕಾನೂನಿಗೂ ಅವಳೇ ತಾಯಿ. "ಮೂಗು ಮಾತ್ರ ನಮ್ಮ ಮನೆತನದ್ದು ಬರದಂತೆ ನೋಡಿಕೊಳ್ಳಿ," ಎಂದು ನಾನು ಬೇಡಿಕೊಂಡೆ. ನನ್ನ ಮೂಗನ್ನು ನೋಡುತ್ತಿದ್ದೀರಲ್ಲ, ಮಳೆಗಾಲದಲ್ಲಿ ಇದರಡಿ ಇಬ್ಬರು ನಿಲ್ಲಬಹುದು. ಅದು ಅಪ್ಪನ ಕಡೆಯಿಂದ ಬರುವ ಆಸ್ತಿ, ತಪ್ಪಿಸಲಾಗದು ಎಂದು ಮೇಡಂ ನಕ್ಕರು.

ಗುಣವತಿ ಕೇಳಿದ್ದು ಒಂದೇ ಪ್ರಶ್ನೆ: "ಆಕಿಗೆ ನೋವಾಗತೈತೇನ್ರಿ?"

ಆಗುತ್ತದೆ, ಹಲವು ದಿನ ಸೂಜಿ ಚುಚ್ಚಿಸಿಕೊಳ್ಳಬೇಕು, ಅಂಡ ತೆಗೆಯುವಾಗ ಮಾತ್ರ ಮಂಪರಿನ ಔಷಧಿ ಕೊಡುತ್ತೇವೆ ಎಂದರು ಮೇಡಂ. ಮಗು ಒಂದು ದಿನ ಕೇಳುತ್ತದೆ, ಆಗ ಏನು ಹೇಳುತ್ತೀರಿ ಎಂದು ಈಗಲೇ ಯೋಚಿಸಿ, ಎಂದೂ ಹೇಳಿದರು.

ಗರ್ಭಕೋಶದ ಒಳಪದರ ದಪ್ಪವಾಗಲು ಗುಣವತಿ ಮಾತ್ರೆ ನುಂಗಿದಳು, ಸೂಜಿ ಹಾಕಿಸಿಕೊಂಡಳು. ಭ್ರೂಣ ಬಿಟ್ಟ ದಿನ ಆಟೋದಲ್ಲಿ ಕರೆತರುವಾಗ, ಕುಲುಕಿದರೆ ಎಲ್ಲಿ ಜಾರುತ್ತದೋ ಎಂದು ನನಗೆ ಭಯ. ಎಷ್ಟು ನಿಧಾನ ಹೊಡೆಸಿದೆ ಎಂದರೆ, ಒಂದು ಎಮ್ಮೆ ನಮ್ಮನ್ನು ಹಿಂದೆ ಹಾಕಿ ಹೋಗಿ, ತಿರುಗಿ ನೋಡಿ ಪಾಪ ಅಂದಿತು. ಮುಂದಿನ ಸಲ ಡಾಕ್ಟರಮ್ಮನಿಗೆ ಇದು ಗೊತ್ತಾಗಿ, "ತಾತಾ, ಅದು ಜೇಬಿನ ಚಿಲ್ಲರೆಯಲ್ಲ, ಉದುರುವುದಿಲ್ಲ. ಓಡಾಡಲಿ ಬಿಡಿ," ಎಂದರು.

ಎರಡು ವಾರ ಕಾದೆವು. ನಿಂತಿರಲಿಲ್ಲ.

ಆ ದಿನವೂ ಗುಣವತಿ ಒಲೆ ಹಚ್ಚಿದಳು. ಎಂಥ ಪೆಟ್ಟು ಹಾಕಿ ರೊಟ್ಟಿ ಬಡಿದಳೆಂದರೆ, ಆ ರೊಟ್ಟಿಯ ಮೂಲಕ ಪೇಪರ್ ಓದಬಹುದಿತ್ತು. ಊಟಕ್ಕೆ ಬಂದವರು ಭಾಳ ತೆಳ್ಳಗಾಗಿದೆ ಎಂದು ಹೊಗಳಿದರು. ನಾನು ಅವತ್ತು ಯಾವ ಕಥೆಯನ್ನೂ ಹೇಳಲಿಲ್ಲ.

ಆಸ್ಪತ್ರೆಯ ಶೀತಪೆಟ್ಟಿಗೆಯಲ್ಲಿ ಇನ್ನೊಂದು ಭ್ರೂಣ ಉಳಿದಿತ್ತು. ಕೆಲವು ತಿಂಗಳು ಬಿಟ್ಟು, "ಇದೂ ಆಗಲಿಲ್ಲಂದ್ರ ಸಾಕ್ರಿ," ಎಂದುಕೊಂಡೇ ಹೋದಳು. ಅದು ನಿಂತಿತು.

ಹೆಸರಿಡುವ ದಿನ ನನ್ನ ಅಕ್ಕ ಗಂಗಾಬಾಯಿ ರಾಯಚೂರಿನಿಂದ ಬಂದಳು. ಕೂಸಿನ ಮುಖವನ್ನು ಪಾಲು ಮಾಡದಿದ್ದರೆ ಅವಳಿಗೆ ಊಟ ಇಳಿಯದು. "ಮೂಗು ನಮ್ಮ ಬೂದ್ಯಾಂದು, ಪಾಪ. ಹಣಿ ದಿನೇಶಂದು. ಈ ಕಣ್ಣು ಯಾರ್ವು? ಗಲ್ಲದಾಗ ಗುಳಿ ಇಲ್ಲಲ್ಲ?"

ದಿನೇಶ ನನ್ನನ್ನು ನೋಡಿದ. ಒಂದು ಸುಳ್ಳು ನನ್ನ ನಾಲಿಗೆಯ ತುದಿಗೆ ಬಂದು ನಿಂತಿತ್ತು, ಸೊಗಸಾದ ಸುಳ್ಳು. ಅಷ್ಟರಲ್ಲಿ ಗುಣವತಿಯೇ ಬಾಯಿ ಬಿಟ್ಟಳು.

"ಕಣ್ಣು ಕೊಟ್ಟಾಕಿ ಹೆಸರು ನನಗ ಗೊತ್ತಿಲ್ರಿ ಅತ್ತಿ. ಯಾರೋ ಪುಣ್ಯಾತಗಿತ್ತಿ ಅಂಡಾ ದಾನ ಮಾಡ್ಯಾಳ. ನಾ ಹೊತ್ತೀನಿ, ಹಡದೀನಿ. ಕೂಸಿಗೂ ಹಿಂಗಾ ಹೇಳ್ತೀನಿ."

ತೊಟ್ಟಿಲ ಹಗ್ಗ ಹಿಡಿದ ಹೆಂಗಸರೆಲ್ಲ ಹಾಗೇ ನಿಂತರು. ಗಂಗಾಬಾಯಿ ಕೂಸನ್ನು ನೋಡಿದಳು, ಗುಣವತಿಯನ್ನು ನೋಡಿದಳು.

"ಹಂಗಾದ್ರ ಆಕಿ ಪಾಲಿಂದು ಒಂದು ಹೋಳಿಗಿ ಹೆಚ್ಚಿಗಿ ಬಡಸ್ರಿ," ಎಂದಳು. "ಆಕಿ ಬರಂಗಿಲ್ಲಲ್ಲ, ನಾನಾ ತಿಂತೀನಿ. ಏ, ತೊಟ್ಲಾ ತೂಗ್ರಿ, ಏನ್ ನೋಡಾಕತ್ತೀರಿ?"

ಅಪೂರ್ವ ಎಂದು ಹೆಸರಿಟ್ಟೆವು. ಗಲ್ಲದಲ್ಲಿ ಗುಳಿ ಇಲ್ಲ, ಇಂದಿಗೂ ಬಿದ್ದಿಲ್ಲ. ಕೆಲವೊಮ್ಮೆ ಗುಣವತಿ ಅವಳ ಗಲ್ಲವನ್ನು ಬೆರಳಿನಿಂದ ಒತ್ತಿ ನೋಡುವುದನ್ನು ಕಂಡಿದ್ದೇನೆ. ಮಗು ಕಚಗುಳಿಯೆಂದು ನಗುತ್ತದೆ. ಈಗ ಅದಕ್ಕೆ ಐದು ತುಂಬುತ್ತಾ ಬಂತು. 'ಒಬ್ಬ ಅಕ್ಕ ಅಂಡಾ ಕೊಟ್ಲು, ನಮ್ಮವ್ವ ನನ್ನ ಮಾಡಿದ್ಲು' ಎಂದು ಊಟಕ್ಕೆ ಬಂದವರಿಗೆಲ್ಲ ತಾನೇ ಹೇಳುತ್ತದೆ. ನೀವು ನಂಬುವುದಿಲ್ಲ ಎಂದು ತಲೆ ಆಡಿಸುತ್ತೀರಿ. ಹೋಗಲಿ, ಒಂದು ಸಲ ನೋಡಿದರೆ ನೀವೇ...

"ತಾತಾ! ರೊಟ್ಟಿ ಆರಾಕತ್ತಾವ! ನಿಮ್ಮ ಸುಳ್ಳು ಊಟ ಆದ ಮ್ಯಾಲ ಹೇಳ್ರಿ!"

ನೋಡಿ ಅಲ್ಲಿ, ಬಾಗಿಲಲ್ಲಿ. ಸೊಂಟದ ಮೇಲೆ ಎರಡೂ ಕೈ, ಭುಜದ ಮೇಲೆ ಹಿಟ್ಟಿನ ಟವಲು, ಆ ಬೈಗುಳದ ಎಳೆತ. ಅದು ಗುಣವತಿಯಲ್ಲ ಸಾಹೇಬರೇ, ಅಪೂರ್ವ. ಬಂದೆನವಾ, ಬಂದೆ.