ನಮ್ಮ ಡ್ರೋನು ಎರಡು ಸಲ ಬಿದ್ದದ್ದು

ಐ.ಡಿ.ಹಳ್ಳಿಯ ನಮ್ಮ ಮಹಿಳಾ ಸಂಘಕ್ಕೆ ಔಷಧಿ ಹೊಡೆಯುವ ಡ್ರೋನು ಬಂದಾಗ, ಅದನ್ನು ಹಾರಿಸಲು ಕಲಿತವಳು ನಾನೊಬ್ಬಳೇ. ಮಿಕ್ಕವರು ಹೆದರಿ ಹಿಂದೆ ಸರಿದರು. ನನಗೆ ಹೆದರಿಕೆಗಿಂತ ಜಂಭ ಹೆಚ್ಚು, ಇವತ್ತಿಗೂ ಹಾಗೇ.

ಆಯುಧಪೂಜೆಯ ದಿನ ಅತ್ತೆ ಅದನ್ನೂ ಪೂಜೆಗಿಟ್ಟರು. ಬ್ಯಾಟರಿಯ ಮೇಲೆ ಮೂರು ಬೆರಳಿನಿಂದ ವಿಭೂತಿ ಎಳೆದು, ಸುತ್ತ ಅರಿಶಿನದ ದಾರ ಕಟ್ಟಿದರು. ಟ್ರ್ಯಾಕ್ಟರಿಗೂ ಹೊಲಿಗೆ ಮೆಷಿನ್ನಿಗೂ ನಮ್ಮಲ್ಲಿ ಹೀಗೇ ಮಾಡುವುದು, ಯಾವುದೂ ಕೆಟ್ಟಿರಲಿಲ್ಲ.

ನಾಲ್ಕನೇ ದಿನ ನಮ್ಮೂರಿನ ಒಂದು ತೊಗರಿ ಹೊಲದ ಮೇಲೆ ಡ್ರೋನಿನ ಸದ್ದು ಪಟ್ಟನೆ ನಿಂತಿತು. ಮರುಕ್ಷಣ ದೊಪ್ಪೆಂದು ಬಿತ್ತು. ರೆಕ್ಕೆ ಮುರಿದಿತ್ತು, ಬ್ಯಾಟರಿ ಕಳಚಿ ಪಕ್ಕದಲ್ಲಿತ್ತು. ಬಿದ್ದ ಏಟಿಗೆ ಕಳಚಿದೆ ಎಂದುಕೊಂಡೆ. ಅತ್ತೆ ಮಾತ್ರ ದೃಷ್ಟಿಯಾಗಿದೆ ಎಂದು ಇನ್ನೊಂದು ದಾರ ಸುತ್ತಿದರು. ರೆಕ್ಕೆ ಹಾಕಿಸಿಕೊಂಡು ಗಡಿಯ ಹತ್ತಿರದ ಬಲಸಮುದ್ರಕ್ಕೆ ಔಷಧಿ ಹೊಡೆಯಲು ಹೋದರೆ ಅಲ್ಲಿಯೂ ಬಿತ್ತು. ಹೆಂಗಸರ ಕೈಗೆ ಇಂಥದ್ದನ್ನು ಕೊಡಬಾರದು ಎಂದು ಹೊಲದವನು ತೆಲುಗಿನಲ್ಲಿ ಹೇಳಿ ನಕ್ಕ. ನನಗೆ ತೆಲುಗು ಬರುವುದಿಲ್ಲ ಎಂದುಕೊಂಡಿದ್ದ. ಚೆನ್ನಾಗಿಯೇ ಬರುತ್ತದೆ. ಮೈಯೆಲ್ಲ ಉರಿದುಹೋಯಿತು.

ಸಂಘದ ಅಧ್ಯಕ್ಷೆ ಬೈಯಲಿಲ್ಲ, ಅದೇ ಹೆಚ್ಚು ನೋವಾಯಿತು. ಶನಿವಾರ ಎಲ್ಲರ ಮುಂದೆ ಹಾರಿಸು, ಮತ್ತೆ ಬಿದ್ದರೆ ಮೆಷಿನ್ನನ್ನು ಶಿರಾ ಕಡೆಯ ಸಂಘಕ್ಕೆ ಕೊಡುತ್ತೇವೆ ಎಂದರು. ಮಧುಗಿರಿಯ ರಿಪೇರಿಯವನು ಮೋಟಾರು ಸರಿಯಾಗಿದೆ, ನೀವೇ ಏನೋ ತಪ್ಪು ಒತ್ತಿರಬೇಕು ಎಂದು ಕೈತೊಳೆದುಕೊಂಡ.

ಶುಕ್ರವಾರ ಬೆಳಗ್ಗೆ ಜಗಲಿಯ ಮೇಲೆ ಬ್ಯಾಟರಿ ಒರೆಸುತ್ತಿದ್ದೆ. ಕೊಂಡಿ ಸಿಕ್ಕಿಕೊಳ್ಳುವ ಕಡೆ ದಾರದ ಗಂಟು ನಜ್ಜುಗುಜ್ಜಾಗಿತ್ತು. ಪ್ಲಗ್ಗಿನ ತಾಮ್ರ ಅರ್ಧ ಹೊಳೆಯುತ್ತಿತ್ತು, ಅರ್ಧ ಕಪ್ಪಾಗಿತ್ತು. ಅಂದರೆ ಬ್ಯಾಟರಿ ಪೂರ್ತಿ ಒಳಗೆ ಕೂತೇ ಇರಲಿಲ್ಲ. ಗಂಟು ಅಡ್ಡ ಬಂದು, ಹಾರುವಾಗಿನ ಅಲುಗಾಟಕ್ಕೆ ಮೇಲೆಯೇ ಕಳಚಿಕೊಂಡಿತ್ತು. ಮೊದಲು ಕಳಚಿದ್ದು, ಆಮೇಲೆ ಬಿದ್ದದ್ದು. ಬೀದಿಗೆ ಕೇಳುವಷ್ಟು ಜೋರಾಗಿ ನಕ್ಕುಬಿಟ್ಟೆ.

ಅತ್ತೆ ಅಷ್ಟರಲ್ಲಿ ಮೂರನೇ ದಾರ ಹಿಡಿದು ಬಂದರು. ನಾನು ಕತ್ತರಿ ತೆಗೆದದ್ದು ನೋಡಿ ಅವರ ಮುಖ ಕೆಂಪಾಯಿತು.

"ಪೂಜೆ ಮಾಡಿ ಕಟ್ಟಿರೋ ದಾರನ ಯಾರಾದ್ರೂ ಕತ್ತರಿಸ್ತಾರೇನಮ್ಮ?"

ದಾರವಿದ್ದ ಬ್ಯಾಟರಿಯನ್ನು ಡ್ರೋನಿಗೆ ಕೂರಿಸಿ ಎಳೆದು ನೋಡಿ ಎಂದೆ. ಎರಡು ಬೆರಳಿಗೇ ಕಿತ್ತು ಬಂತು. ಅತ್ತೆ ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ತಮ್ಮ ಕೈಯಿಂದಲೇ ಹೀಗಾಯಿತೆಂದು ಅವರಿಗೆ ಸಂಕಟವಾದದ್ದು ಕಂಡು ನನ್ನ ಸಿಟ್ಟೆಲ್ಲ ಇಳಿಯಿತು. ಕೊನೆಗೆ ಅವರೇ ಕತ್ತರಿ ತೆಗೆದುಕೊಂಡು ದಾರ ಬಿಡಿಸಿ, ದೇವರ ಮನೆಯಲ್ಲಿಟ್ಟು ಬಂದರು.

ಶನಿವಾರ ಅದೇ ತೊಗರಿ ಹೊಲದ ಬದುವಿನ ಮೇಲೆ ಅರ್ಧ ಊರು ನಿಂತಿತ್ತು. ಬ್ಯಾಟರಿ ನೀವೇ ಕೂರಿಸಿ ಎಂದು ಅತ್ತೆಗೆ ಕೊಟ್ಟೆ. ಟಕ್ಕೆಂದು ಸದ್ದಾಗುವವರೆಗೂ ಒತ್ತಿದರು. ಜಗ್ಗಿ ನೋಡಿದರು, ಅಲ್ಲಾಡಲಿಲ್ಲ. ಡ್ರೋನು ಎದ್ದಿತು. ಸಾಲು ಮುಗಿಸಿ ತಿರುಗಿತು, ಮತ್ತೆ ಸಾಲು, ಮತ್ತೆ ತಿರುವು. ಮೊದಲ ಸಲ ಬಿದ್ದಿದ್ದ ಜಾಗವನ್ನೂ ದಾಟಿತು. ಹೊಲ ಪೂರ್ತಿ ಮುಗಿಸಿ ನನ್ನ ಮುಂದೆಯೇ ತಂದು ಇಳಿಸಿದೆ. ಗೆದ್ದೆ ಎನಿಸಿತು, ಅಳು ಬಂತು.

ಮೆಷಿನ್ನು ಎಲ್ಲಿಗೂ ಹೋಗುವುದಿಲ್ಲ ಎಂದು ಅಧ್ಯಕ್ಷೆ ಅಲ್ಲೇ ಹೇಳಿದರು. ಈ ಸಲ ಏನು ಮಾಡಿದೆ ಎಂದು ನನ್ನನ್ನು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಸೆರಗು ಬಿಗಿದು ಮುಂದೆ ಬಂದರು.

"ಬ್ಯಾಟರಿ ನಾನು ಕೂರಿಸ್ದೆ ಕಣಮ್ಮ, ಇನ್ನೆಂಗೆ ಬಿದ್ದಾತು?"