ಕಟ್ಟದ ಮನೆಗೆ ದೃಷ್ಟಿಗೊಂಬೆ

ಗೆಳೆಯರೇ, ಇವತ್ತು ನನ್ನ ವಿದ್ಯೆಗೆ ಸಿಕ್ಕ ಮರ್ಯಾದೆ ಕೇಳಿ. ಗಜೇಂದ್ರಗಡದ ಬಟ್ಟೆ ವ್ಯಾಪಾರಿಯೊಬ್ಬರು ಕಟ್ಟಿಸಲಿರುವ ಮನೆಯ ಚಿತ್ರವನ್ನು ಕಂಪ್ಯೂಟರಿನಲ್ಲಿ ಮಾಡಿದ್ದೆ. ಕಿಟಕಿಯ ಗಾಜಿನಲ್ಲಿ ಮೋಡ ಕೂಡ ಮೂಡಿಸಿದ್ದೆ. ಅವರ ಹೆಂಡತಿ ಶಾಂತಕ್ಕ ನೋಡಿದವರೇ, "ಭಾಳ ಚಲೋ ಐತ್ರಿ, ಅದಕ್ಕ ಅಂಜಿಕಿ. ಸಂಜಿಗೆ ಬೀಗರು ನೋಡಾಕ ಬರ್ತಾರ, ಒಂದು ದೃಷ್ಟಿಗೊಂಬಿ ಕಟ್ರಿ" ಅಂದರು.

"ಅಕ್ಕಾರ, ಇನ್ನೂ ಪಾಯಾನ ತಗದಿಲ್ಲರಿ!"

"ಅವರು ನೋಡೂದು ಚಿತ್ರಾನ ಅಲ್ಲೇನ್ರಿ?"

ಸೋತು, ಕೋರೆಹಲ್ಲು, ಮೀಸೆ ಎಲ್ಲ ಬರೆದು ಗೊಂಬೆಯನ್ನು ಬಾಲ್ಕನಿಗೆ ನೇತುಹಾಕಿದೆ. ಸಂಜೆ ಬಂದ ಬೀಗರು ಮೋಡವನ್ನೂ ನೋಡಲಿಲ್ಲ, ಮನೆಯನ್ನೂ ನೋಡಲಿಲ್ಲ. "ಗೊಂಬಿ ಏನ್ ಮಾಡೀರಿ ಸರ! ಖರೇ ಮೀಸಿ ಇದ್ದಾಂಗ ಅದಾವು. ನಮಗೂ ಇಂಥಾದ್ದ ಒಂದು ಮಾಡಿಕೊಡ್ರಿ" ಅಂದರು.

ಅವರು ಹೋದದ್ದೇ ತಡ, ಶಾಂತಕ್ಕ ಗಾಬರಿಯಲ್ಲಿ ಹೇಳಿದರು: "ಲಗೂನ ಆ ಗೊಂಬಿಗೊಂದು ಸಣ್ಣ ಗೊಂಬಿ ಕಟ್ರಿ!"

ಕಟ್ಟುತ್ತಾ ಕೂತಿದ್ದೇನೆ. ಈ ಸಲ ಮೀಸೆ ಚೆನ್ನಾಗಿ ಬರೆಯುವುದಿಲ್ಲ.