ಬಲಗಡೆಯ ಹೂವಿಗೆ ಹಚ್ಚಿದ ಗಂಧ

ನನ್ನ ಮಗಳ ಓದನ್ನು ನಾನು ಒಂದು ಬೆರಳು ಗಂಧಕ್ಕೆ ಮಾರಿಬಿಟ್ಟೆ. ಜೀವಮಾನದಲ್ಲಿ ಇಷ್ಟು ಕೆಟ್ಟ ವ್ಯಾಪಾರ ಇನ್ನೊಂದು ಮಾಡಿಲ್ಲ. ಕೊಟ್ಟಿದ್ದು — ಒಂದು ಹುಡುಗಿಯ ಆಸೆ, ಅವಳ ತಾಯಿಯ ಕನಸು. ಪಡೆದಿದ್ದು — ಸಕಲೇಶಪುರದ ಪೇಟೆಯಲ್ಲಿ ನಾಲ್ಕು ಜನ ಎದ್ದು ನಿಂತು ‘ಬನ್ನಿ’ ಅನ್ನುವ ಮರ್ಯಾದೆ. ಯಾಕೆ ಹಾಗೆ ಮಾಡಿದೆ ಅಂದರೆ, ಹೆದರಿಕೆ. ಇಷ್ಟು ವರ್ಷ ಅದಕ್ಕೆ ಬೇರೆ ಬೇರೆ ಹೆಸರು ಇಟ್ಟುಕೊಂಡಿದ್ದೆ. ಸಂಸಾರದ ಹಿತ, ವ್ಯಾಪಾರದ ಅನುಕೂಲ, ಊರಿನ ಋಣ... ಯಾವುದೂ ಅಲ್ಲ. ಹೆದರಿಕೆ ಅಷ್ಟೇ.

ನಾನು ಯಸಳೂರು ಕಡೆಯವನು. ನಾಲ್ಕನೇ ಕ್ಲಾಸಿಗೆ ಸ್ಲೇಟು ಬಿಟ್ಟು, ಮೈ ಗಟ್ಟಿಯಾದ ಮೇಲೆ ಎಸ್ಟೇಟಿನ ಸ್ಟೋರಿನಲ್ಲಿ ಮೂಟೆ ಹೊತ್ತವನು. ಮೂಟೆ ಹೊರುತ್ತಲೇ ಕಾಫಿ ಕಲಿತೆ. ಒಣಗಿದ ಕಾಫಿ ಹಣ್ಣನ್ನು ಮುಷ್ಟಿಯಲ್ಲಿ ಹಿಡಿದು ಕಿವಿಯ ಹತ್ತಿರ ಅಲ್ಲಾಡಿಸಿದರೆ ಸಾಕು, ಒಳಗಿನ ಬೀಜದ ಗಲಗಲ ಸದ್ದಿನಲ್ಲೇ ಎಷ್ಟು ತೇವ ಉಳಿದಿದೆ ಎಂದು ಹೇಳುತ್ತಿದ್ದೆ. ಯಾವುದು ಎಷ್ಟು ಹೊತ್ತಿಗೆ ಒಣಗುತ್ತದೆ, ಒಣಗಿದ್ದು ಯಾವಾಗ ಕಳಚಿ ಬೀಳುತ್ತದೆ — ನನ್ನ ಅನ್ನವೇ ಅದು. ಆಮೇಲೆ ಮನೆಮನೆ ತಿರುಗಿ ಮೆಣಸು ಕೊಂಡೆ. ತೊಂಬತ್ತರ ದಶಕದಲ್ಲಿ, ಬೆಳೆಗಾರ ತನ್ನ ಕಾಫಿಯನ್ನು ಯಾರಿಗೆ ಬೇಕಾದರೂ ಮಾರಬಹುದು ಎಂದಾದ ಮೇಲೆ, ಅದಕ್ಕೂ ಕೈ ಹಾಕಿದೆ. ಹೆತ್ತೂರಿನಿಂದ ಆಲೂರಿನವರೆಗೆ ಚೌಕಾಸಿಯಲ್ಲಿ ನನ್ನನ್ನು ಸೋಲಿಸಿದವರಿಲ್ಲ. ಜಂಬಕ್ಕೆ ಹೇಳುತ್ತಿಲ್ಲ. ಮುಂದಿನ ಕತೆಗೆ ಇದು ಬೇಕು.

ರೇಖಾ ನಮ್ಮ ಒಬ್ಬಳೇ ಮಗಳು. ಆಗ ಏಳನೇ ಕ್ಲಾಸು ಮುಗಿಸುತ್ತಿದ್ದಳು. ನಮ್ಮ ಕಡೆಯ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು ವರ್ಗವಾಗಿ ಹೋದಮೇಲೆ ಆ ಕುರ್ಚಿ ಹಾಗೇ ಖಾಲಿ ಉಳಿದಿತ್ತು. ನನ್ನ ಹೆಂಡತಿ ಜಯ ಹತ್ತನೇ ಕ್ಲಾಸು ಪಾಸಾದವಳು, ಮುಂದೆ ಓದಲು ಅವಳಪ್ಪ ಬಿಡಲಿಲ್ಲ. ಅವಳೇ ಮಾತು ತೆಗೆದಳು.

“ಮೈಸೂರಿಗೆ ಹೋಗಾಣ ಕಣ್ರೀ. ನೀವು ವಾರಕ್ಕೊಂದ್ಸಲ ಇಲ್ಲಿಗೆ ಬಂದು ವ್ಯಾಪಾರ ನೋಡ್ಕಳಿ. ಮಗು ಓದ್ಲಿ.”

ಹೋಗಿ ನೋಡಿಕೊಂಡು ಬಂದೆವು. ಬಾಡಿಗೆಗಿದ್ದ ಒಂದು ಚಿಕ್ಕ ಮನೆ ನೋಡಿದೆವು. ಹಿತ್ತಲಲ್ಲಿ ಪರಂಗಿ ಗಿಡ, ರಸ್ತೆಯ ಕಡೆಗೆ ಒಂದು ಅಗಲವಾದ ಕಿಟಕಿ. ಶಾಲೆಯನ್ನೂ ನೋಡಿದೆವು. ಅಲ್ಲಿನ ಟೀಚರೊಬ್ಬರು ರೇಖಾಳನ್ನು ಲ್ಯಾಬಿಗೆ ಕರೆದುಕೊಂಡು ಹೋಗಿ, ಈರುಳ್ಳಿಯ ತೆಳು ಸಿಪ್ಪೆಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ತೋರಿಸಿದರು. ಓಡಿಬಂದವಳು ನನ್ನ ಅಂಗಿ ಹಿಡಿದು ಎಳೆದಳು — “ಅಪ್ಪಾಜಿ, ಈರುಳ್ಳಿ ಒಳ್ಗೆ ಇಟ್ಟಿಗೆ ಗೋಡೆ ಐತೆ! ಯಾರೋ ಕಟ್ಟಿದಂಗೆ!”

ಅದೇ ದಿನ ಶಾಲೆಯ ಹೆಡ್‌ಮಿಸ್ಟ್ರೆಸ್ ನಮ್ಮಿಬ್ಬರನ್ನೂ ಕೂರಿಸಿ ಮಾತಾಡಿಸಿದರು. “ತಂದೆಯವರು ಏನು ಓದಿದ್ದಾರೆ?”

“ಕಾಫಿ ವ್ಯಾಪಾರ ಮೇಡಂ,” ಅಂದೆ.

“ಅದು ಕೆಲಸ. ಓದು?”

ಆಕೆ ನಗಲಿಲ್ಲ, ಹಂಗಿಸಲಿಲ್ಲ, ಮರ್ಯಾದೆಯಿಂದಲೇ ಕೇಳಿದರು. ಆದರೂ ನನ್ನ ನಾಲಿಗೆ — ಎಂಥೆಂಥ ಎಸ್ಟೇಟ್ ಮಾಲೀಕರ ಹತ್ತಿರ ರೇಟು ಎಳೆದಾಡಿದ ಈ ನಾಲಿಗೆ — ಒಣಗಿಹೋಯಿತು. ಉಳಿದದ್ದಕ್ಕೆಲ್ಲ ಜಯಳೇ ಉತ್ತರ ಹೇಳಿದಳು, ನೆಟ್ಟಗೆ ಕೂತು. ನಾನು ಮೇಜಿನ ಕಾಲು ನೋಡುತ್ತಿದ್ದೆ. ಹೊರಗೆ ಬಂದರೆ ಬೀದಿ ತುಂಬ ಜನ, ಒಬ್ಬನಾದರೂ ನನ್ನ ಮುಖ ನೋಡಿ ‘ಏನ್ ಗೌಡ್ರೇ’ ಅನ್ನಲಿಲ್ಲ. ಈ ಊರಿನಲ್ಲಿ ನಾನು ಯಾರು? ಜಯಮ್ಮನ ಗಂಡ, ರೇಖಾಳ ಅಪ್ಪ, ಅಷ್ಟೇ. ಅಷ್ಟಾದರೆ ಸಾಲದೇ ಎಂದು ಇವತ್ತು ಅನ್ನಿಸುತ್ತದೆ. ಆವತ್ತು —

ಊರಿಗೆ ಬಂದ ಮೇಲೆ ಆ ಮನೆ ನಮ್ಮ ಜೊತೆಗೇ ಬಂದುಬಿಟ್ಟಿತು. ಸಂಜೆ ಕಣದಲ್ಲಿ ಒಣಹಾಕಿದ ಮೆಣಸು ರಾಶಿ ಮಾಡುವ ಹೊತ್ತಿಗೆ ತಾಯಿ ಮಗಳು ಶುರು ಮಾಡುತ್ತಿದ್ದರು. ಒಲೆ ಯಾವ ಕಡೆ, ಓದುವ ಮೇಜು ಎಲ್ಲಿ, ಪರಂಗಿ ಹಣ್ಣಾದರೆ ಪಕ್ಕದ ಮನೆಗೆ ಎಷ್ಟು ಕೊಡುವುದು. ಹೂಮಳೆ ಬಿದ್ದು ಗುಡ್ಡಕ್ಕೆ ಗುಡ್ಡವೇ ಕಾಫಿ ಹೂವಿನಿಂದ ಬೆಳ್ಳಗಾಗಿತ್ತು. ಆ ವಾಸನೆಯಲ್ಲಿ ತಲೆ ಸ್ವಲ್ಪ ತೇಲಿದ ಹಾಗೆ ಇರುತ್ತದೆ, ಗೊತ್ತಿದ್ದವರಿಗೆ ಗೊತ್ತು. ರೇಖಾ ಒಂದೊಂದು ಎಸಳನ್ನೂ ಕಿತ್ತು ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, ಗೋಡೆ ಹುಡುಕುತ್ತಿದ್ದಳು. ನಾನೂ ಮರೆತು ಸೇರಿಕೊಳ್ಳುತ್ತಿದ್ದೆ. “ಬಾಡಿಗೆ ಇಳಿಸ್ತೀನಿ ಬಿಡು, ಕಿಟಕಿಗೆ ಸರಳಿಲ್ಲ ಅಂತ ತಕರಾರು ತೆಗೀತೀನಿ,” ಅನ್ನುತ್ತಿದ್ದೆ. ಮೂವರೂ ನಗುತ್ತಿದ್ದೆವು. ಮಂಜು ಏರಿ ಬಂದು ಕಣ ಕಾಣದಾದಾಗ, ಆ ಕಡೆ ಮೈಸೂರಿನ ಆ ಕಿಟಕಿಯೇ ಇದೆಯೇನೋ, ಎದ್ದು ಹೋಗಿ ತಟ್ಟಬಹುದೇನೋ ಎನ್ನಿಸುತ್ತಿತ್ತು. ನಿಜ ಹೇಳುತ್ತೇನೆ, ನಾನು ಅತ್ಯಂತ ಸುಖವಾಗಿ ಬಾಳಿದ ಮನೆ ಅದೇ. ಒಂದು ದಿನವೂ ಅಲ್ಲಿ ಇರಲಿಲ್ಲ.

ಪೇಟೆಯಲ್ಲಿ ಸುದ್ದಿ ಹಬ್ಬಿತು. ಮೆಣಸಿನ ಮಂಡಿಯವನೊಬ್ಬ ಎಲ್ಲರೆದುರಿಗೇ ಅಂದ, “ಏನ್ ಮಾರಾಯ, ಮೈಸೂರು ಸೇರ್ಕಂಡು ಮಹಾರಾಜ ಆಗ್ತೀಯಂತೆ? ಇಲ್ಲಿ ನಿನ್ ಸಿಂಹಾಸನ ಖಾಲಿ ಆದ್ರೆ ನಂಗೇ ಹೇಳು ಕಣೋ!”

ನಕ್ಕೆ. ಆದರೆ ಆವತ್ತು ಪೇಟೆಯಿಂದ ಏಳಲು ಮನಸ್ಸು ಬರಲಿಲ್ಲ, ಕತ್ತಲಾಗುವವರೆಗೂ ಅಲ್ಲೇ ಕೂತಿದ್ದೆ.

‘ಬೇಡ’ ಎಂದು ಬಾಯಿಬಿಟ್ಟು ಹೇಳುವ ಧೈರ್ಯ ನನಗಿರಲಿಲ್ಲ. ಹೇಳಿದ್ದರೆ ಜಯ ‘ಯಾಕೆ?’ ಅನ್ನುತ್ತಿದ್ದಳು. ಅದಕ್ಕೇ ಒಂದು ಉಪಾಯ ತೆಗೆದೆ. “ಊರು ಬಿಡೋ ವಿಷ್ಯ. ಗುಡ್ಡದಮ್ಮನ ಹತ್ರ ಹೂ ಕೇಳಾಣ,” ಅಂದೆ. ನಮ್ಮಲ್ಲಿ ಅದು ಪದ್ಧತಿ. ಗುಡ್ಡದ ಮೇಲಿನ ಅಮ್ಮನ ಕಲ್ಲಿನ ಎರಡು ಭುಜಕ್ಕೂ ನೀರಿನಲ್ಲಿ ಅದ್ದಿದ ಒಂದೊಂದು ಕಣಗಿಲೆ ಹೂ ಅಂಟಿಸುತ್ತಾರೆ. ಬಲಗಡೆಯದು ಮೊದಲು ಬಿದ್ದರೆ ಆಗಲಿ ಎಂದು, ಎಡಗಡೆಯದು ಬಿದ್ದರೆ ಬೇಡ ಎಂದು. ಅದರ ಮೇಲೆ ಮಾತಿಲ್ಲ.

ಪೂಜಾರಪ್ಪನಿಗೆ ವಯಸ್ಸಾಗಿತ್ತು, ಕೈ ನಡುಗುತ್ತಿತ್ತು. “ನಂಗೆ ಕಣ್ಣು ಮಂಜು ಕಣ್ರೀ ಗೌಡ್ರೇ. ಸ್ನಾನ ಮಾಡ್ಕಂಡು ಬಂದಿದೀರಲ್ಲ, ನೀವೇ ಅಂಟಿಸ್ರಿ,” ಅಂದರು. ಪಕ್ಕದ ಬಟ್ಟಲಲ್ಲಿ ತೇಯ್ದ ಗಂಧವಿತ್ತು. ಜಯ, ರೇಖಾ ಇಬ್ಬರೂ ಕಣ್ಣು ಮುಚ್ಚಿ ಕೈ ಮುಗಿದಿದ್ದರು. ಎಡಗಡೆಯ ಹೂವನ್ನು ನೀರಿಗೆ ಅದ್ದಿದೆ. ಬಲಗಡೆಯ ಹೂವಿನ ತೊಟ್ಟಿಗೆ, ನೀರಿನ ಜೊತೆ, ಒಂದು ಬೆರಳು ಗಂಧ ಹಚ್ಚಿದೆ.

ನೀರು ಒಣಗುತ್ತದೆ. ಗಂಧ ಒಣಗಿದಷ್ಟೂ ಹಿಡಿಯುತ್ತದೆ. ತೇವದ ಲೆಕ್ಕ ನನಗೆ ಹೇಳಿಕೊಡಬೇಕೇ?

ಕಾದೆವು. ಎಡಗಡೆಯ ಹೂ ಕಳಚಿ ಬಿತ್ತು, ಸದ್ದೇ ಇಲ್ಲದೆ. ರೇಖಾಳ ಕೈ ನನ್ನ ಕೈಯಲ್ಲಿತ್ತು. ಅದು ಮೆಲ್ಲಗೆ ಜಾರಿಹೋಯಿತು. ಅವಳು ಅಳಲಿಲ್ಲ, ಹಟ ಮಾಡಲಿಲ್ಲ. ಇಳಿಯುವಾಗ ಜಯ ಒಂದೇ ಮಾತು ಅಂದಳು, “ಅಮ್ಮನಿಗೇ ಬೇಡಾಂದ್ರೆ ನಾವು ಏನ್ ಮಾಡಕ್ಕಾಯ್ತದೆ.” ಆ ಸಂಜೆಯಿಂದ ಕಣದಲ್ಲಿ ಮೈಸೂರಿನ ಮಾತಿಲ್ಲ.

ಶಾಲೆ ತಪ್ಪಿದ್ದು ದೊಡ್ಡ ನಷ್ಟವಲ್ಲ. ನಮ್ಮ ಹೈಸ್ಕೂಲಿನಲ್ಲೇ ಓದಿ ಮುಂದೆ ಬಂದವರಿದ್ದಾರೆ. ನಾನು ಮಾಡಿದ್ದು ಅದಕ್ಕಿಂತ ಕೆಟ್ಟದ್ದು. ಹತ್ತನೇ ಕ್ಲಾಸು ಒಳ್ಳೆಯ ಅಂಕದಲ್ಲೇ ಪಾಸಾದಳು. ಸೈನ್ಸ್ ತಗೋ ಎಂದು ನಾನೇ ಅಂದೆ. ಮುಖ ತಗ್ಗಿಸಿ ಹೇಳಿದಳು, “ಬ್ಯಾಡ ಅಪ್ಪಾಜಿ. ಅದು ನಂಗಲ್ಲ ಅಂತ ಗುಡ್ಡದಮ್ಮ ಆವತ್ತೇ ಹೇಳ್ಬುಟ್ಟೈತಲ್ಲ.” ಕಾಲೇಜು ಮುಂದುವರಿಸು ಅಂದಾಗಲೂ ಹಾಗೇ. ಏನನ್ನಾದರೂ ಕೇಳುವುದನ್ನೇ ಅವಳು ಬಿಟ್ಟಿದ್ದಳು. ಯಾವ ಹೂವನ್ನೂ ಬೆಳಕಿಗೆ ಹಿಡಿಯಲಿಲ್ಲ. ಹೆಗ್ಗದ್ದೆ ಕಡೆಯ ಒಳ್ಳೆಯ ಹುಡುಗನಿಗೆ ಕೊಟ್ಟೆ, ಚೆನ್ನಾಗಿದ್ದಾಳೆ. ‘ಚೆನ್ನಾಗಿದ್ದಾಳೆ’ ಎಂದು ಎಷ್ಟು ಜನರಿಗೆ ಹೇಳಿದ್ದೇನೋ, ಪ್ರತಿ ಸಲವೂ ನಾಲಿಗೆಯ ಕೆಳಗೆ ಗಂಧದ ಕಹಿ.

ವರ್ಷಗಳಾದವು. ಒಂದು ಬೇಸಿಗೆ ರೇಖಾ ತನ್ನ ಮಗಳು ಅನುವನ್ನು ಕರೆದುಕೊಂಡು ಬಂದಳು. ಮಗುವಿಗೆ ಶಾಲೆಗೆ ಸೇರುವ ವಯಸ್ಸು. ಅಳಿಯ ಮಂಗಳೂರಿನಲ್ಲಿ ಕೆಲಸ ಹುಡುಕಿಕೊಂಡಿದ್ದ, ಶಾಲೆ ನೋಡಿದ್ದ, ಮನೆಯನ್ನೂ ನೋಡಿದ್ದ. ಇವಳಿಗೆ ಮನಸ್ಸು ನಿಲ್ಲುತ್ತಿಲ್ಲ.

“ಗುಡ್ಡದಮ್ಮನ ಹತ್ರ ಹೂ ಕೇಳ್ಬುಟ್ಟು ಹೋಗಾಣ ಅಂತ ಬಂದೆ ಅಪ್ಪಾಜಿ. ನೀವೇ ಅಂಟಿಸ್ಬೇಕು. ಆವತ್ತೂ ನೀವೇ ತಾನೇ?”

ನನ್ನ ಬುದ್ಧಿ ಎಂಥದ್ದು ನೋಡಿ. ಮೊದಲು ಹೊಳೆದದ್ದು ಇಷ್ಟು — ಈ ಸಲ ಎಡಗಡೆಗೆ ಗಂಧ ಹಚ್ಚಿದರಾಯಿತು. ಬಲಗಡೆಯ ಹೂ ಬೀಳುತ್ತದೆ, ಇವರು ಹೋಗುತ್ತಾರೆ, ಹಳೆಯದಕ್ಕೂ ಹೊಸದಕ್ಕೂ ಲೆಕ್ಕ ಚುಕ್ತಾ. ಬೆಳಗ್ಗೆ ಗುಡ್ಡ ಹತ್ತುವವರೆಗೂ ಅದೇ ನಿರ್ಧಾರ. ಮತ್ತೆ ಕಾಫಿ ಹೂವಿನ ಕಾಲ, ಮತ್ತೆ ಮಂಜು, ಅದೇ ವಾಸನೆ. ಮುಂದೆ ಹೋಗುತ್ತಿದ್ದ ಅನು, ತಟ್ಟೆಯಲ್ಲಿದ್ದ ಕಣಗಿಲೆಯೊಂದನ್ನು ಎತ್ತಿ, ಒಂದು ಕಣ್ಣು ಮುಚ್ಚಿ, ಮಂಜಿನೊಳಗಿನ ಸೂರ್ಯನಿಗೆ ಹಿಡಿದಳು. ಯಾರೂ ಹೇಳಿಕೊಟ್ಟಿದ್ದಲ್ಲ.

ನನ್ನ ಕಾಲು ಮುಂದೆ ಹೋಗಲಿಲ್ಲ. ದಾರಿಯಲ್ಲೇ, ಬಂಡೆಯ ಹತ್ತಿರ ನಿಂತು ಹೇಳಿದೆ. ಮೇಜಿನ ಕಾಲು ನೋಡಿಕೊಂಡು ಕೂತದ್ದು, ಗಂಧದ ಬಟ್ಟಲು, ಬೆರಳು — ಎಲ್ಲ.

ರೇಖಾ ಬಂಡೆಯ ಮೇಲೆ ಕೂತಳು. ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ಒಳ್ಳೆಯದಿತ್ತು. ಏಳನೇ ಕ್ಲಾಸಿನ ಹುಡುಗಿಯ ದನಿಯಲ್ಲಿ ಕೇಳಿದಳು —

“ಅಂದ್ರೆ... ಗುಡ್ಡದಮ್ಮ ನಂಗೆ ಬ್ಯಾಡ ಅಂದಿರ್ಲಿಲ್ವಾ?”

“ಇಲ್ಲ ಮಗ. ಬ್ಯಾಡ ಅಂದೋನು ನಾನು.”

ಹೂವಿನ ತಟ್ಟೆಯನ್ನು ನನ್ನ ಕೈಗೆ ಕೊಟ್ಟಳು. ಮಗುವಿನ ಕೈ ಹಿಡಿದು ಗುಡ್ಡ ಇಳಿದಳು. ಹಿಂದಿರುಗಿ ನೋಡಲಿಲ್ಲ.

ಮನೆಗೆ ಬಂದು ಜಯಳಿಗೂ ನಾನೇ ಹೇಳಿದೆ. ಅವಳು ಒಳಗೆ ಹೋಗಿ, ಟ್ರಂಕಿನ ತಳದಿಂದ ಒಂದು ಪರದೆ ತೆಗೆದುಕೊಂಡು ಬಂದಳು. ಹಸಿರು ಬಟ್ಟೆ, ಅಂಚಿಗೆ ಕೈಹೊಲಿಗೆ. ಮೈಸೂರಿನ ಆ ಕಿಟಕಿಗೆ ಅಳತೆ ನೆನಪಿಟ್ಟುಕೊಂಡು, ನಮಗೆ ಯಾರಿಗೂ ಹೇಳದೆ ಹೊಲಿದಿದ್ದಳಂತೆ. “ಇದು ಮಂಗ್ಳೂರಿನ ಕಿಟಕಿಗೆ ಆಯ್ತದೇನೋ ನೋಡು,” ಎಂದು ಮಗಳ ಕೈಗಿಟ್ಟಳು. ನನ್ನ ಕಡೆ ನೋಡಲಿಲ್ಲ.

ಅವರು ಹೋದರು. ಹೂ ಕೇಳದೆಯೇ ಹೋದರು. ರೇಖಾ ಫೋನು ಮಾಡಿದಾಗ ತಾಯಿಯ ಜೊತೆ ಮಾತಾಡುತ್ತಾಳೆ. ನಾನು ಪಕ್ಕದಲ್ಲಿ ಕೂತು ಅರ್ಧ ಮಾತು ಕೇಳಿಸಿಕೊಳ್ಳುತ್ತೇನೆ. ಇದರಲ್ಲಿ ನಾನು ಚೌಕಾಸಿ ಮಾಡುವಂತಿಲ್ಲ.

ನೀವು ಮಕ್ಕಳ ಓದಿಗೆ ಊರು ಬಿಡುವ ಯೋಚನೆಯಲ್ಲಿದ್ದರೆ, ಕೇಳಿಸಿಕೊಳ್ಳಿ. ಬಾಡಿಗೆ ಮನೆಯನ್ನು ಕಡು ಬೇಸಿಗೆಯಲ್ಲಿ ನೋಡಿ, ನಲ್ಲಿ ತಿರುಗಿಸಿ ನೋಡಿ. ಶಾಲೆಯನ್ನು ಮಧ್ಯಾಹ್ನದ ಮೇಲೆ ನೋಡಿ. ಬೆಳಗ್ಗೆ ಎಲ್ಲ ಶಾಲೆಯೂ ಚೆನ್ನಾಗಿಯೇ ಇರುತ್ತದೆ. ನಿಮ್ಮ ಓದು ಎಷ್ಟು ಎಂದು ಕೇಳಿದರೆ ಇದ್ದದ್ದು ಇದ್ದ ಹಾಗೆ ಹೇಳಿ, ಅಲ್ಲಿ ಕೂತಿರುವುದು ನೀವು ಸೇರುವುದಕ್ಕಲ್ಲ. ಲೆಕ್ಕ ಹಾಕಿ, ಕೂಡದಿದ್ದರೆ ಹೋಗಬೇಡಿ, ಅದರಲ್ಲಿ ಪಾಪವಿಲ್ಲ. ಆದರೆ ‘ಬೇಡ’ ಅನ್ನುವುದಿದ್ದರೆ ಮಗುವಿನ ಎದುರು ಕೂತು ನಿಮ್ಮ ಬಾಯಿಂದಲೇ ಅನ್ನಿ. ಅಪ್ಪ ಬೇಡ ಅಂದರೆ ಮಗು ಅತ್ತು, ಹಟ ಮಾಡಿ, ಜಗಳವಾಡಿ ಗೆಲ್ಲಬಹುದು. ದೇವರೇ ಬೇಡ ಅಂದರೆ ಅದು ಯಾರ ಹತ್ತಿರ ಜಗಳ ಆಡಬೇಕು?